ಪಾಸ್‌ವರ್ಡ್ ಎಂಬ ಸುಲಭದ ಉತ್ತರ

ವಾಟ್ಸ್‌ಆ್ಯಪ್ ಗುಂಪಿನಲ್ಲಿ ಯಾರಾದರೂ 'ನನ್ನ ಮೇಲ್ ಐಡಿ ಹ್ಯಾಕ್ ಆಗಿದೆ, ನನ್ನ ಹೆಸರಿನಲ್ಲಿ ಬಂದ ಲಿಂಕ್ ಯಾರೂ ಒತ್ತಬೇಡಿ' ಎಂದು ಹಾಕಿದರೆ ಸಾಕು, ಉತ್ತರ ತಯಾರಿರುತ್ತದೆ: 'ಪಾಸ್‌ವರ್ಡ್ ಚೇಂಜ್ ಮಾಡಿ ಸರ್.' ಇನ್ನೊಬ್ಬರು ಅದಕ್ಕೊಂದು ಹೆಬ್ಬೆಟ್ಟು ಒತ್ತುತ್ತಾರೆ. ಮತ್ತೊಬ್ಬರು 'ಎಲ್ಲೋ ಯಾವುದೋ ಲಿಂಕ್ ಒತ್ತಿರ್ತೀರಿ, ಸ್ವಲ್ಪ ಹುಷಾರಾಗಿರಬೇಕು' ಎಂದು ಬುದ್ಧಿ ಹೇಳುತ್ತಾರೆ. ಇವರೆಲ್ಲರಿಗಿಂತ ತಿಳಿದವರು ಒಬ್ಬರಿರುತ್ತಾರೆ. 'ಆ ಐಡಿ ಡಿಲೀಟ್ ಮಾಡಿ ಹೊಸದು ಮಾಡ್ಕೊಳ್ಳಿ, ತಲೆನೋವೇ ಇರಲ್ಲ' ಎನ್ನುವುದು ಅವರ ತೀರ್ಪು. ಅಲ್ಲಿಗೆ ಪ್ರಕರಣ ಮುಕ್ತಾಯ. ಗುಂಪು ಮತ್ತೆ ಗುಡ್ ಮಾರ್ನಿಂಗ್ ಚಿತ್ರಗಳಿಗೆ ಮರಳುತ್ತದೆ.

ಹೇಳುವವರ ಮನಸ್ಸು ಒಳ್ಳೆಯದೇ. ಪತ್ರಿಕೆಗಳ ತಂತ್ರಜ್ಞಾನದ ಅಂಕಣ, ಬ್ಯಾಂಕಿನ ಎಸ್‌ಎಂಎಸ್, ಜಾಗೃತಿ ಸಪ್ತಾಹದ ಕರಪತ್ರ, ಎಲ್ಲವೂ ಇದನ್ನೇ ಹೇಳುತ್ತ ಬಂದಿವೆ. ಆದರೂ ಈ ಮೂರು ಮಾತುಗಳಲ್ಲಿ ಮೊದಲನೆಯದು ಅರೆಬರೆ, ಎರಡನೆಯದು ಎಷ್ಟೋ ಸಲ ಸುಳ್ಳು, ಮೂರನೆಯದು ಅಪಾಯ. ಹಾಗಿದ್ದೂ ಇವು ಇಷ್ಟು ಚಾಲ್ತಿಯಲ್ಲಿರುವುದೇಕೆಂದರೆ, ತಪ್ಪನ್ನೂ ಕೆಲಸವನ್ನೂ ಖಾತೆದಾರನ ತಲೆಗೇ ಕಟ್ಟಿ ಮಿಕ್ಕವರೆಲ್ಲ ಕೈತೊಳೆದುಕೊಳ್ಳಲು ಇವುಗಳಷ್ಟು ಅನುಕೂಲವಾದ ಮಾತು ಬೇರೆ ಇಲ್ಲ.

ಮೊದಲು ಕೇಳಬೇಕಾದ ಪ್ರಶ್ನೆಯನ್ನೇ ಯಾರೂ ಕೇಳುವುದಿಲ್ಲ: ಆ ಮೇಲ್ ನಿಜವಾಗಿ ನಿಮ್ಮ ಖಾತೆಯಿಂದ ಹೊರಟಿತೇ? ಹೆಸರು ನಿಮ್ಮದು, ವಿಳಾಸ ನಿಮ್ಮದು, ಆದ್ದರಿಂದ ಹೋಗಿದ್ದೂ ನಿಮ್ಮಲ್ಲಿಂದಲೇ ಎಂದು ಎಲ್ಲರೂ ನಂಬಿಬಿಡುತ್ತಾರೆ. ಇ-ಮೇಲ್ ಅಷ್ಟು ಬಿಗಿಯಾಗಿ ಕಟ್ಟಿದ ವ್ಯವಸ್ಥೆ ಅಲ್ಲವೇ ಅಲ್ಲ. ಜಗತ್ತಿನ ಮೇಲ್ ಇಂದಿಗೂ ಓಡುವುದು ಎಸ್‌ಎಂಟಿಪಿ ಎಂಬ ನಿಯಮಾವಳಿಯ ಮೇಲೆ. ಅದನ್ನು ಜಾನ್ ಪೋಸ್ಟೆಲ್ 1982ರ ಆಗಸ್ಟ್‌ನಲ್ಲಿ ಬರೆದು ಹೊರತಂದಾಗ ಜಾಲದಲ್ಲಿ ಇದ್ದವರು ವಿಶ್ವವಿದ್ಯಾಲಯ, ಸಂಶೋಧನಾಲಯಗಳ ಜನ. ಬಹುಪಾಲು ಒಬ್ಬರಿಗೊಬ್ಬರು ಗೊತ್ತಿದ್ದವರು. ಕಳಿಸಿದವನು ತಾನು ಇಂಥವನು ಎಂದರೆ ಅದನ್ನು ಒಪ್ಪಿಕೊಳ್ಳುವುದೇ ಪದ್ಧತಿ. ಇನ್‌ಲ್ಯಾಂಡ್ ಪತ್ರದ ಹಿಂಬದಿಯ 'ಇಂದ' ಜಾಗದಲ್ಲಿ ಯಾರ ಹೆಸರು ಬರೆದು ಡಬ್ಬಿಗೆ ಹಾಕಿದರೂ ಅಂಚೆ ಇಲಾಖೆ ತಲುಪಿಸುತ್ತಿತ್ತಲ್ಲ, ಹಾಗೆ.

ಈ ಹುಳುಕಿಗೆ ಆಮೇಲೆ ತೇಪೆಗಳು ಬಂದವು. ತನ್ನ ಮೇಲ್ ಯಾವ ಸರ್ವರ್‌ಗಳಿಂದ ಹೊರಡಬಹುದು ಎಂದು ಡೊಮೇನ್ ಒಡೆಯ ಮೊದಲೇ ಸಾರಿಡುವ ಎಸ್‌ಪಿಎಫ್, ಹೊರಡುವ ಮೇಲ್‌ಗೆ ಡಿಜಿಟಲ್ ಸಹಿ ಹಾಕುವ ಡಿಕಿಮ್, ಇವೆರಡೂ ತಾಳೆಯಾಗದಿದ್ದರೆ ಏನು ಮಾಡಬೇಕೆಂದು ತಿಳಿಸುವ ಡಿಮಾರ್ಕ್. ಕೊನೆಯದು ಬೆಳಕಿಗೆ ಬಂದದ್ದು 2012ರಲ್ಲಿ. ಜಿಮೇಲ್ ವಿಳಾಸಗಳಿಗೆ ದಿನಕ್ಕೆ 5,000ದಷ್ಟು ಮೇಲ್ ಕಳಿಸುವವರು ಇದನ್ನೆಲ್ಲ ಅಳವಡಿಸಿಕೊಂಡಿರಲೇಬೇಕು ಎಂದು ಗೂಗಲ್ ಪಟ್ಟು ಹಿಡಿದದ್ದು 2024ರ ಫೆಬ್ರವರಿಯಲ್ಲಿ. ಮೂಲ ನಿಯಮ ಹುಟ್ಟಿ 40 ವರ್ಷ ದಾಟಿದ ಮೇಲೆ! ಅಷ್ಟೂ ಕಾಲ ಯಾರ ಹೆಸರಿನಲ್ಲಿ ಯಾರು ಬೇಕಾದರೂ ಬರೆಯಬಹುದಿತ್ತು. ಬೈಸಿಕೊಂಡವರು ಮಾತ್ರ ಹೆಸರಿನವರು.

2014ರ ಏಪ್ರಿಲ್‌ನಲ್ಲಿ ಅಮೆರಿಕದ ಎಓಎಲ್ ಬಳಕೆದಾರರಿಗೆ ಆದದ್ದು ಇದೇ. ಅವರ ಬಂಧುಮಿತ್ರರಿಗೆಲ್ಲ ಅವರ ವಿಳಾಸದಿಂದಲೇ ಸ್ಪ್ಯಾಮ್ ಹೋಗತೊಡಗಿತು. ಜನ ಪಾಸ್‌ವರ್ಡ್ ಬದಲಿಸಿದರು, ಸ್ಪ್ಯಾಮ್ ನಿಲ್ಲಲಿಲ್ಲ. ನಿಲ್ಲುವುದಾದರೂ ಹೇಗೆ? ಕಳುವಾಗಿದ್ದು ಕಂಪನಿಯ ಉಗ್ರಾಣದಲ್ಲಿದ್ದ ವಿಳಾಸಪಟ್ಟಿಗಳು. ಕಳ್ಳರು ಆ ಪಟ್ಟಿ ಇಟ್ಟುಕೊಂಡು ತಮ್ಮದೇ ಸರ್ವರ್‌ಗಳಿಂದ, ಇವರ ಹೆಸರು ಅಂಟಿಸಿ ಕಳಿಸುತ್ತಿದ್ದರು. ಸುಮಾರು ಶೇ. 2ರಷ್ಟು ಖಾತೆಗಳ ಹೆಸರು ಹೀಗೆ ಬಳಕೆಯಾಗಿದೆ ಎಂದು ಎಓಎಲ್ ತಾನೇ ಒಪ್ಪಿಕೊಂಡಿತು. ಒಪ್ಪಿಕೊಂಡ ಆ ಪ್ರಕಟಣೆಯಲ್ಲೂ ಬಳಕೆದಾರರಿಗೆ ಕೊಟ್ಟ ಸಲಹೆ ಯಾವುದೆಂದು ಊಹಿಸುವುದು ಕಷ್ಟವಲ್ಲ.

ಹೆಸರು ಕದ್ದದ್ದೋ ಖಾತೆ ಹೊಕ್ಕದ್ದೋ ಎಂದು ತಿಳಿಯುವುದು ದೊಡ್ಡ ವಿದ್ಯೆಯೇನಲ್ಲ. ಸ್ಪ್ಯಾಮ್ ತಲುಪಿದ ಗೆಳೆಯರಲ್ಲಿ ಒಬ್ಬರಿಗೆ ಫೋನ್ ಮಾಡಿ, ಮೊದಲು ಕಳಿಸಿದವರ ಹೆಸರಿನ ಮೇಲೆ ಒತ್ತಿ ನೋಡಲು ಹೇಳಬೇಕು. ಮೊಬೈಲ್ ಪರದೆಯಲ್ಲಿ ಕಾಣುವುದು ಹೆಸರು ಮಾತ್ರ. ಅದರ ಹಿಂದೆ ಇನ್ಯಾವುದೋ ದೇಶದ, ಇನ್ಯಾರದೋ ವಿಳಾಸ ಕೂತಿರುವುದೇ ಹೆಚ್ಚು. ವಿಳಾಸವೂ ನಿಮ್ಮದೇ ಆಗಿದ್ದರೆ ಕಂಪ್ಯೂಟರಿನಲ್ಲಿ ಜಿಮೇಲ್ ಒಳಗೆ ಅದೇ ಮೇಲ್ ತೆರೆದು, ಬಲಗಡೆಯ ಮೂರು ಚುಕ್ಕಿ ಒತ್ತಿ, 'ಶೋ ಒರಿಜಿನಲ್' ಎಂಬಲ್ಲಿಗೆ ಹೋದರೆ ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್ ಮೂರರ ಮುಂದೆಯೂ ಪಾಸ್ ಅಥವಾ ಫೇಲ್ ಎಂದು ಬರೆದಿರುತ್ತದೆ. ನಿಮ್ಮ ವಿಳಾಸ ಇದ್ದೂ ಫೇಲ್ ಎಂದಿದ್ದರೆ ಬಹುಮಟ್ಟಿಗೆ ಅದು ನಿಮ್ಮ ಹೆಸರಿನ ನಕಲು. ನೀವು ಎಷ್ಟು ಪಾಸ್‌ವರ್ಡ್ ಬದಲಿಸಿದರೂ ಫಲವಿಲ್ಲ. ಮೂರೂ ಪಾಸ್ ಆಗಿದ್ದರೆ ಖಾತೆಗೆ ಕೈ ಬಿದ್ದಿದೆ. ಸೆಂಟ್ ಫೋಲ್ಡರ್ ಖಾಲಿ ಇದೆ ಎಂದು ಸಮಾಧಾನಪಡುವಂತಿಲ್ಲ. ಕಳಿಸಿದ ಕೂಡಲೇ ಅಲ್ಲಿಂದ ಅಳಿಸಿಹಾಕುವಷ್ಟು ಶಿಸ್ತು ಕಳ್ಳರಿಗಿರುತ್ತದೆ.

ಈಗ ಖಾತೆಗೇ ಕೈ ಬಿದ್ದಿದೆ ಎನ್ನೋಣ. ಪಾಸ್‌ವರ್ಡ್ ಬದಲಿಸಿದರೆ ಏನಾಗುತ್ತದೆ, ಏನಾಗುವುದಿಲ್ಲ ಎಂಬುದನ್ನು ಹತ್ತಿರದಿಂದ ನೋಡಿದ ಒಂದು ಖಾತೆಯ ಮೂಲಕವೇ ಹೇಳಬಹುದು. ನಮ್ಮ ಬಡಾವಣೆಯ ನಿವೃತ್ತ ಉಪನ್ಯಾಸಕರೊಬ್ಬರ ಹೆಸರಿನಲ್ಲಿ ಅವರ ಹಳೆಯ ವಿದ್ಯಾರ್ಥಿಗಳಿಗೆ ಹಣದ ಕೋರಿಕೆ ಹೋಗಿತ್ತು. ವಿಷಯ ಗೊತ್ತಾದ ದಿನವೇ ಅಳಿಯ ಪಾಸ್‌ವರ್ಡ್ ಬದಲಿಸಿಕೊಟ್ಟಿದ್ದ. ಆದರೂ ವ್ಯವಹಾರ ನಿಂತಿರಲಿಲ್ಲ. 'ಸರ್, ಆಸ್ಪತ್ರೆಯ ಬಿಲ್ಲಿಗೆ ಇನ್ನಷ್ಟು ಬೇಕೇ?' ಎಂದು ಒಬ್ಬ ವಿದ್ಯಾರ್ಥಿ ಫೋನಿನಲ್ಲೇ ಕೇಳಿದಾಗ ಮೇಷ್ಟ್ರು ಕುಸಿದು ಕೂತರು. ಅವರ ನೋವು ಇನ್ನೊಂದು ಬಗೆಯದು. 'ನೋಡಪ್ಪಾ, ಇಷ್ಟು ಜನರಿಗೆ ಮೇಲ್ ಹೋಗಿದೆ. ಒಬ್ಬನಾದರೂ, ಸಾರ್ ಇದು ನಿಮ್ಮದೇನಾ ಅಂತ ತಿರುಗಿ ಕೇಳಲಿಲ್ಲವಲ್ಲ' ಎಂದರು.

ಕೇಳಿದ್ದರು. ಅವರ ಖಾತೆಯನ್ನು ಕಂಪ್ಯೂಟರಿನಲ್ಲಿ ತೆರೆದು ಸೆಟ್ಟಿಂಗ್ಸ್‌ನ ಫಿಲ್ಟರ್ ಪುಟಕ್ಕೆ ಹೋದರೆ ಅಲ್ಲಿ ಒಂದೇ ಒಂದು ಸಾಲು. ಹ್ಯಾಕ್, ಸ್ಕ್ಯಾಮ್, ಫ್ರಾಡ್ ಎಂಬ ಪದಗಳಿರುವ ಯಾವ ಮೇಲ್ ಬಂದರೂ ಇನ್‌ಬಾಕ್ಸ್‌ಗೆ ತರಬೇಡ, ಓದಿದಂತೆ ಗುರುತು ಹಾಕು, ಅಳಿಸು. ಕಸದ ಬುಟ್ಟಿ ತೆರೆದಾಗ ವಿದ್ಯಾರ್ಥಿಗಳ ಕಾಳಜಿಯೆಲ್ಲ ಅಲ್ಲಿ ಸಾಲಾಗಿ ಬಿದ್ದಿತ್ತು. ಅದರ ಪಕ್ಕದ ಪುಟದಲ್ಲಿ, ಉತ್ತರಗಳು ಹೋಗಬೇಕಾದ ವಿಳಾಸದ ಜಾಗದಲ್ಲಿ, ಅವರದೇ ಹೆಸರಿನ ಇನ್ನೊಂದು ಮೇಲ್ ಐಡಿ. ಒಂದು ಅಕ್ಷರ ಜೋಡಿಯಾಗಿತ್ತು, ಅಷ್ಟೇ. ಕನ್ನಡಕ ಸರಿಪಡಿಸಿಕೊಂಡು ನೋಡದಿದ್ದರೆ ತಿಳಿಯದು. ಮೊದಲ ಪತ್ರ ಮೇಷ್ಟ್ರ ನಿಜವಾದ ಖಾತೆಯಿಂದ ಹೋಗಿತ್ತು. ಅದಕ್ಕೆ ಉತ್ತರ ಒತ್ತಿದವರ ಮಾತೆಲ್ಲ ಸೀದಾ ಆ ಅವಳಿ ವಿಳಾಸಕ್ಕೆ. ಅಳಿಯ ಪಾಸ್‌ವರ್ಡ್ ಬದಲಿಸುವ ಹೊತ್ತಿಗೆ ಮಾತುಕತೆ ಈ ಖಾತೆಯನ್ನೇ ಬಿಟ್ಟು ಹೊರಗೆ ಹೋಗಿಯಾಗಿತ್ತು.

ಇದು ಅಪರೂಪದ ಜಾಣತನವೇನಲ್ಲ. ಈ ದಂಧೆಯ ಬಗ್ಗೆ ಗೂಗಲ್‌ನ ಸಂಶೋಧಕರೇ 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಫಿಲ್ಟರ್, ಬದಲಿ ಉತ್ತರ ವಿಳಾಸ, ಅವಳಿ ಖಾತೆ ಮೂರೂ ದಾಖಲಾಗಿವೆ. ಪಾಸ್‌ವರ್ಡ್ ಬದಲಿಸಿದರೆ ಇವುಗಳಲ್ಲಿ ಒಂದೂ ಅಲುಗುವುದಿಲ್ಲ. ಬರುವ ಪ್ರತಿ ಮೇಲಿನ ಪ್ರತಿಯನ್ನು ಬೇರೆಡೆಗೆ ಕಳಿಸುವ ಫಾರ್ವರ್ಡಿಂಗ್, ಇನ್ನೊಬ್ಬರಿಗೆ ನಿಮ್ಮ ಮೇಲ್ ಓದಲು ಕೊಡುವ ಅನುಮತಿ, ರಿಕವರಿಗೆಂದು ಸೇರಿಸಿದ ಅಪರಿಚಿತ ನಂಬರ್, ಇವೂ ಇದ್ದಲ್ಲೇ ಇರುತ್ತವೆ. ಅದರಲ್ಲೂ ರಿಕವರಿ ನಂಬರ್ ಕಳ್ಳನದಾಗಿದ್ದರೆ ನೀವು ಇಂದು ಹಾಕಿದ ಪಾಸ್‌ವರ್ಡನ್ನು ಅವನು ನಾಳೆ 'ಮರೆತಿದ್ದೇನೆ' ಎಂದು ಒತ್ತಿ ಬದಲಿಸಿಕೊಳ್ಳಬಹುದು.

ಕಂಪನಿಯ ಮೇಲೆ ನನಗೆ ನಿಜವಾಗಿ ಸಿಟ್ಟು ಬರುವುದು ಇಲ್ಲಿ. ಜಿಮೇಲ್‌ನ ಫಿಲ್ಟರ್ ಪುಟವನ್ನಾಗಲೀ ಫಾರ್ವರ್ಡಿಂಗ್ ಪುಟವನ್ನಾಗಲೀ ಮೊಬೈಲ್ ಆ್ಯಪ್‌ನಲ್ಲಿ ಹುಡುಕಿ ನೋಡಿ, ಸಿಗುವುದಿಲ್ಲ. ಕಂಪ್ಯೂಟರಿನ ಬ್ರೌಸರಿನಲ್ಲೇ ತೆರೆಯಬೇಕು. ನಮ್ಮಲ್ಲಿ ಮೇಲ್ ಇರುವ ಬಹುತೇಕರು ಅದನ್ನು ನೋಡುವುದು ಫೋನಿನಲ್ಲಿ, ಕಂಪ್ಯೂಟರ್ ಮುಟ್ಟುವುದು ಎಂದಾದರೊಮ್ಮೆ. ಕಳ್ಳನಿಗೆ ಅನುಕೂಲವಾದ ಕೊಠಡಿಗಳೆಲ್ಲ ಮನೆಯವರ ಕಣ್ಣಿಗೆ ಬೀಳದ ಕಡೆ ಇವೆ. 'ಹೊಸ ಸಾಧನದಿಂದ ಲಾಗಿನ್ ಆಗಿದೆ' ಎಂದು ಎಚ್ಚರಿಸುವ ಕಂಪನಿಗೆ 'ನಿಮ್ಮ ಮೇಲ್‌ಗಳನ್ನು ಒಂದು ಫಿಲ್ಟರ್ ಅಳಿಸುತ್ತಿದೆ, ಗೊತ್ತೇ?' ಎಂದು ಫೋನಿನ ಪರದೆಯ ಮೇಲೆ ಕೇಳುವುದು ಏನು ಮಹಾ ಕಷ್ಟ?

ಪಾಸ್‌ವರ್ಡೇ ಕಳುವಾಗದ ಪ್ರಸಂಗಗಳೂ ಇವೆ. 2017ರ ಮೇ 3ರಂದು ಲಕ್ಷಾಂತರ ಜನರಿಗೆ ಪರಿಚಿತರಿಂದಲೇ ಒಂದು ಮೇಲ್ ಬಂತು: ನಿಮ್ಮೊಂದಿಗೆ ಒಂದು ಗೂಗಲ್ ಡಾಕ್ ಹಂಚಿಕೊಂಡಿದ್ದೇನೆ. ಒತ್ತಿದರೆ ಗೂಗಲ್‌ನ ಅಸಲಿ ಪುಟವೇ ತೆರೆದು, 'ಗೂಗಲ್ ಡಾಕ್ಸ್' ನಿಮ್ಮ ಮೇಲ್ ಮತ್ತು ವಿಳಾಸಪಟ್ಟಿ ನೋಡಲು ಅನುಮತಿ ಕೇಳುತ್ತಿದೆ ಎನ್ನುತ್ತಿತ್ತು. ಯಾರೋ ಒಬ್ಬ ತನ್ನ ಆ್ಯಪ್‌ಗೆ ಆ ಹೆಸರಿಟ್ಟಿದ್ದ. ಇಡಲು ಗೂಗಲ್ ಬಿಟ್ಟಿತ್ತು. ಒಪ್ಪಿಗೆ ಒತ್ತಿದವರ ಪಟ್ಟಿಯಲ್ಲಿದ್ದವರಿಗೆಲ್ಲ ಅದೇ ಮೇಲ್ ತಾನಾಗಿಯೇ ಹೋಯಿತು. ಸುಮಾರು ಒಂದು ಗಂಟೆಯೊಳಗೆ ತಡೆದೆವು, ಬಳಕೆದಾರರಲ್ಲಿ ಶೇ. 0.1ಕ್ಕಿಂತ ಕಡಿಮೆ ಜನರಿಗೆ ತಟ್ಟಿತು ಎಂದು ಗೂಗಲ್ ಹೇಳಿತು. ನೂರು ಕೋಟಿ ಬಳಕೆದಾರರ ಸೇವೆಯಲ್ಲಿ ಆ ಶೇಕಡಾವಾರು ಎಷ್ಟಾಗುತ್ತದೆಂದು ಲೆಕ್ಕ ಹಾಕಿಕೊಳ್ಳಬಹುದು. ಅಲ್ಲಿ ಪಾಸ್‌ವರ್ಡ್ ಕೇಳಲೇ ಇಲ್ಲ, ಓಟಿಪಿಯೂ ಅಡ್ಡ ಬರಲಿಲ್ಲ. ಪರಿಹಾರ ಇದ್ದದ್ದು ಆ್ಯಪ್‌ಗಳ ಅನುಮತಿ ಪಟ್ಟಿಗೆ ಹೋಗಿ ಆ ಹೆಸರನ್ನು ಕಿತ್ತುಹಾಕುವುದರಲ್ಲಿ. ಕಚೇರಿ ಖಾತೆಗಳಿಗೆ ಇಂಥ ಮೋಸದ ಅನುಮತಿ ಅಂಟಿದಾಗ ಪಾಸ್‌ವರ್ಡ್ ಬದಲಿಸಿ ಪ್ರಯೋಜನವಿಲ್ಲ ಎಂದು ಮೈಕ್ರೋಸಾಫ್ಟ್ ತನ್ನ ಮಾರ್ಗಸೂಚಿಯಲ್ಲೇ ಬರೆದಿಟ್ಟಿದೆ. ಆ ಮಾರ್ಗಸೂಚಿಯನ್ನು ಓದುವವರು ಐಟಿ ವಿಭಾಗದವರು. ವಾಟ್ಸ್‌ಆ್ಯಪ್ ಗುಂಪಿಗೆ ಅದು ತಲುಪುವುದಿಲ್ಲ.

ಇನ್ನು 'ಎಲ್ಲೋ ಲಿಂಕ್ ಒತ್ತಿರ್ತೀರಿ' ಎಂಬ ಬುದ್ಧಿಮಾತು. ಯಾಹೂವಿನಿಂದ 2013ರಲ್ಲಿ ಖಾತೆಗಳ ಮಾಹಿತಿ ಕಳುವಾಯಿತು. ಕಂಪನಿ ಅದನ್ನು ಹೊರಗೆ ಹೇಳಿದ್ದು 2016ರಲ್ಲಿ, ನೂರು ಕೋಟಿ ಖಾತೆ ಎಂದು. 2017ರ ಅಕ್ಟೋಬರ್‌ನಲ್ಲಿ ಲೆಕ್ಕ ತಿದ್ದಿ, ಅಲ್ಲ, ಮುನ್ನೂರು ಕೋಟಿ, ಅಂದರೆ ಆಗ ಇದ್ದ ಅಷ್ಟೂ ಖಾತೆ ಎಂದಿತು. ಈ ನಡುವೆ 2015 ಮತ್ತು 2016ರಲ್ಲಿ ಸುಮಾರು 3.2 ಕೋಟಿ ಖಾತೆಗಳನ್ನು ನಕಲಿ ಕುಕೀ ತಯಾರಿಸಿ, ಪಾಸ್‌ವರ್ಡೇ ಇಲ್ಲದೆ ಹೊಕ್ಕಿದ್ದರು ಎಂಬುದೂ ಹೊರಬಿತ್ತು. ಇವರಲ್ಲಿ ಯಾರು ಯಾವ ಲಿಂಕ್ ಒತ್ತಿದ್ದರು? ಲಿಂಕ್ಡ್‌ಇನ್‌ನಿಂದ 2012ರಲ್ಲಿ ಸೋರಿದ ಪಾಸ್‌ವರ್ಡ್‌ಗಳು 65 ಲಕ್ಷ ಎಂದು ಮೊದಲು ಅಂದುಕೊಂಡಿದ್ದರು; ನಾಲ್ಕು ವರ್ಷದ ಮೇಲೆ 11.7 ಕೋಟಿ ಮೇಲ್-ಪಾಸ್‌ವರ್ಡ್ ಜೋಡಿಗಳು ಮಾರಾಟಕ್ಕೆ ಬಂದವು. ಒಂದೇ ಪಾಸ್‌ವರ್ಡನ್ನು ಎಲ್ಲ ಕಡೆ ಇಟ್ಟವರ ಮೇಲ್ ಖಾತೆಗಳಿಗೆ ಕಳ್ಳರು ನುಗ್ಗುವುದು ಇಂಥ ಪಟ್ಟಿಗಳನ್ನು ಹಿಡಿದೇ. ಎಲ್ಲ ಕಡೆ ಒಂದೇ ಇಟ್ಟದ್ದು ಖಾತೆದಾರನ ತಪ್ಪು, ಒಪ್ಪೋಣ, ಅಲ್ಲಿ ಪಾಸ್‌ವರ್ಡ್ ಬದಲಿಸುವುದು ನಿಜಕ್ಕೂ ಬೇಕು. ಆದರೆ ನೂರು ಕಡೆ ನೂರು ಪಾಸ್‌ವರ್ಡ್ ನೆನಪಿಡಬೇಕೆಂಬುದು ಮನುಷ್ಯರಿಗೆ ಹೇಳುವ ಮಾತೇ? ಮೈಕ್ರೋಸಾಫ್ಟ್ ಸಂಶೋಧಕ ಕಾರ್ಮಾಕ್ ಹರ್ಲಿ 2009ರಲ್ಲೇ ವಾದಿಸಿದ್ದರು: ಜನ ಭದ್ರತೆಯ ಸಲಹೆಗಳನ್ನು ಕಡೆಗಣಿಸುವುದು ಸೋಮಾರಿತನದಿಂದಲ್ಲ, ಸಲಹೆ ಪಾಲಿಸುವ ಖರ್ಚು ಅದರಿಂದ ಬರುವ ಲಾಭಕ್ಕಿಂತ ಹೆಚ್ಚು ಎಂಬ ಸರಿಯಾದ ಲೆಕ್ಕದಿಂದ.

ನಮ್ಮ ಊರುಗಳ ಕಡೆ ಬಂದರೆ 'ಖಾತೆದಾರನ ಅಜಾಗರೂಕತೆ' ಎಂಬ ಮಾತು ಇನ್ನೂ ಹಾಸ್ಯಾಸ್ಪದ. ತಾಲ್ಲೂಕು ಕೇಂದ್ರದಲ್ಲಿ ಸಿಇಟಿಗೋ ಕೆಪಿಎಸ್‌ಸಿಗೋ ಅರ್ಜಿ ಹಾಕಲು ಹೋದ ಹುಡುಗಿಗೆ ಮೇಲ್ ಐಡಿ ಮಾಡಿಕೊಡುವುದು ಸೈಬರಿನವನು. ಹೊರಗೆ ಸರದಿ ನಿಂತಿರುತ್ತದೆ, ಸರ್ವರ್ ಸ್ಲೋ. ಅವಳ ಬಳಿ ಫೋನಿಲ್ಲ ಅಥವಾ ಅಪ್ಪನ ಫೋನಿಗೆ ಸಿಗ್ನಲ್ ಇಲ್ಲ, ಓಟಿಪಿಗೆ ತನ್ನ ನಂಬರೇ ಹಾಕುತ್ತಾನೆ. ಪಾಸ್‌ವರ್ಡ್ ಅವಳ ಹೆಸರು, ಆಮೇಲೆ ಒಂದು ಅಟ್, ಆಮೇಲೆ 123. ಅದನ್ನು ಅರ್ಜಿಯ ಪ್ರಿಂಟೌಟಿನ ಹಿಂದೆ ಬರೆದುಕೊಟ್ಟು, ಕಂಪ್ಯೂಟರಿನಲ್ಲಿ ಲಾಗೌಟ್ ಮಾಡದೆ ಮುಂದಿನವರನ್ನು ಕರೆಯುತ್ತಾನೆ. ಅವನು ಕೆಟ್ಟವನಲ್ಲ, ಅವನಿಲ್ಲದಿದ್ದರೆ ಅರ್ಜಿಯೇ ಹೋಗುತ್ತಿರಲಿಲ್ಲ. ಅದೇ ಐಡಿ ಮುಂದೆ ಅವಳ ಪಾನ್ ಕಾರ್ಡಿಗೆ, ಬ್ಯಾಂಕಿಗೆ, ಕೆಲಸದ ಅರ್ಜಿಗಳಿಗೆ ಹೋಗುತ್ತದೆ. ಎಂಟು ವರ್ಷ ಬಿಟ್ಟು ಅದರಿಂದ ಸ್ಪ್ಯಾಮ್ ಹೊರಟರೆ ಅವಳಿಗೆ 'ಹುಷಾರಾಗಿರಬೇಕಿತ್ತು' ಎನ್ನುವವರು, ಇ-ಮೇಲ್ ಕಡ್ಡಾಯ ಮಾಡಿದ ಅರ್ಜಿ ನಮೂನೆಗೆ ಏನೂ ಅನ್ನುವುದಿಲ್ಲ.

ಬುದ್ಧಿಮಾತಿನ ದೊಡ್ಡ ಹಾನಿ ನಾಚಿಕೆ. ತನ್ನದೇ ತಪ್ಪು ಎಂದುಕೊಂಡವರು ಸದ್ದಿಲ್ಲದೆ ಪಾಸ್‌ವರ್ಡ್ ಬದಲಿಸಿ ಸುಮ್ಮನಾಗುತ್ತಾರೆ. ಯಾರಿಗೂ ಹೇಳುವುದಿಲ್ಲ, ಹೇಳಿದರೂ ಗುಂಪಿನಲ್ಲಿ ಒಂದು ಸಾಲು. ಆಗಲೇ ಹೇಳಿದ ಗೂಗಲ್ ಅಧ್ಯಯನದಲ್ಲಿ ಒಂದು ಅಂಕಿ ಇದೆ: ಹೀಗೆ ವಶವಾದ ಖಾತೆಯ ವಿಳಾಸಪಟ್ಟಿಯಲ್ಲಿ ಇರುವವರ ಖಾತೆಗಳೂ ವಶವಾಗುವ ಸಾಧ್ಯತೆ ಉಳಿದವರಿಗಿಂತ 36 ಪಟ್ಟು ಹೆಚ್ಚು. ಮೋಸ ಸಾಗುವುದು ಪರಿಚಯದ ದಾರಿಯಲ್ಲಿ. 1999ರ ಮಾರ್ಚ್‌ನಲ್ಲಿ ಬಂದ ಮೆಲಿಸ್ಸಾ ವೈರಸ್ ಔಟ್‌ಲುಕ್ ಪಟ್ಟಿಯ ಮೊದಲ 50 ಮಂದಿಗೆ ತನ್ನನ್ನು ತಾನೇ ಕಳಿಸಿಕೊಳ್ಳುತ್ತಿದ್ದುದೂ ಇದೇ ಲೆಕ್ಕದ ಮೇಲೆ. ಬೆಂಗಳೂರಿನಲ್ಲಿ ಶಾಲೆ ಓದಿದ ಸಬೀರ್ ಭಾಟಿಯಾ ಗೆಳೆಯ ಜ್ಯಾಕ್ ಸ್ಮಿತ್ ಜೊತೆ ಸೇರಿ 1996ರಲ್ಲಿ ಶುರುಮಾಡಿದ ಹಾಟ್‌ಮೇಲ್ ಕೂಡ ಬೆಳೆದದ್ದು ಗೆಳೆಯರ ಮೇಲಿನ ನಂಬಿಕೆಯನ್ನೇ ಹಿಡಿದು. ಪ್ರತಿ ಮೇಲಿನ ಅಡಿಯಲ್ಲಿ 'ನಿಮಗೂ ಬೇಕೇ, ಉಚಿತ' ಎನ್ನುವ ಸಾಲು ತಾನಾಗಿಯೇ ಸೇರಿರುತ್ತಿತ್ತು; ಗೊತ್ತಿರುವವರಿಂದ ಬಂದದ್ದೆಂದು ಜನ ಒತ್ತಿದರು. ಕಂಪನಿಗಳು ಕಂಡುಕೊಂಡ ದಾರಿಯಲ್ಲೇ ಕಳ್ಳರೂ ನಡೆದಿದ್ದಾರೆ.

ಸುಮಾರು ಹದಿನೈದು ವರ್ಷದ ಹಿಂದೆ ಎಲ್ಲೆಡೆ ಹಬ್ಬಿದ್ದ ಒಂದು ಪತ್ರ ಹಲವರಿಗೆ ನೆನಪಿರಬಹುದು: ಲಂಡನ್ನಿಗೆ ಬಂದಿದ್ದೇನೆ, ಪರ್ಸೂ ಪಾಸ್‌ಪೋರ್ಟೂ ಕಳುವಾಗಿದೆ, ಹೋಟೆಲ್ ಬಿಲ್ ಕಟ್ಟಲು ವೆಸ್ಟರ್ನ್ ಯೂನಿಯನ್ ಮೂಲಕ ಹಣ ಕಳಿಸಿ. ಮಕ್ಕಳು ಕ್ಯಾಲಿಫೋರ್ನಿಯಾದಲ್ಲೋ ಲಂಡನ್ನಿನಲ್ಲೋ ಇರುವ ನಮ್ಮ ಮಧ್ಯಮ ವರ್ಗಕ್ಕೆ ಆ ಕತೆ ನಂಬಲು ಹೇಳಿ ಮಾಡಿಸಿದಂತಿತ್ತು. ಅದರ ಇಂಗ್ಲಿಷ್ ಮಾತ್ರ ಕಳಿಸಿದವರದಾಗಿರುತ್ತಿರಲಿಲ್ಲ. ಜನ್ಮದಲ್ಲಿ 'ಕೈಂಡ್ಲಿ ಡು ದಿ ನೀಡ್‌ಫುಲ್' ಬಿಟ್ಟು ಬೇರೆ ಬರೆಯದವರು ಇದ್ದಕ್ಕಿದ್ದಂತೆ ದೊರೆಗಳ ಹಾಗೆ ಗೋಳಾಡುತ್ತಿದ್ದರು. ಹಾಗೆ ಅನುಮಾನಪಟ್ಟು ಫೋನ್ ಮಾಡಿದವರು ಬಚಾವಾದರು. ಆದ್ದರಿಂದಲೇ ಖಾತೆ ಹೋಯಿತೆಂದು ಗೊತ್ತಾದಾಗ ಪಾಸ್‌ವರ್ಡಿನ ಜೊತೆಜೊತೆಗೇ ಆಗಬೇಕಾದ ಕೆಲಸ ಫೋನ್ ಹಚ್ಚುವುದು: ಹಣಕಾಸಿನ ಸಂಬಂಧ ಇರುವವರಿಗೆ, ವಯಸ್ಸಾದವರಿಗೆ, ನೀವು ಕೇಳಿದರೆ ಇಲ್ಲ ಎನ್ನದವರಿಗೆ ಮೊದಲು. ಅದೇ ಖಾತೆಯಿಂದ 'ನನ್ನ ಹಿಂದಿನ ಮೇಲ್ ನಂಬಬೇಡಿ' ಎಂದು ಬರೆದರೆ ಅದನ್ನಾದರೂ ಯಾಕೆ ನಂಬಬೇಕು?

ಸ್ಪ್ಯಾಮ್ ನಿಂತಿತೆಂದರೆ ತೊಂದರೆ ನಿಂತಿತು ಎಂದುಕೊಳ್ಳುವುದೂ ಈ ಸುಲಭದ ಉತ್ತರದ ಫಲ. ಕೈಯಾರೆ ಖಾತೆ ಹೊಗುವ ಕಳ್ಳ ಮೊದಲು ಸುಮಾರು ಮೂರು ನಿಮಿಷ ಅದರ ಬೆಲೆ ಕಟ್ಟುತ್ತಾನೆ, ಬ್ಯಾಂಕ್, ಹಣ ವರ್ಗಾವಣೆ ಮುಂತಾದ ಪದ ಹಾಕಿ ಹಳೆಯ ಮೇಲ್‌ಗಳನ್ನು ಹುಡುಕುತ್ತಾನೆ ಎಂದು ಅದೇ ಅಧ್ಯಯನ ಹೇಳುತ್ತದೆ. ನಮ್ಮವರ ಇನ್‌ಬಾಕ್ಸಿನಲ್ಲಿ ಏನೇನಿರುತ್ತದೆ? ಆಧಾರ್ ಮತ್ತು ಪಾನ್ ಸ್ಕ್ಯಾನ್, ಫಾರ್ಮ್ 16, ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಸೈಟಿನ ಕ್ರಯಪತ್ರದ ಕರಡು, ಆಡಿಟರಿಗೆ ಕಳಿಸಿದ ಮೂರು ವರ್ಷದ ಬ್ಯಾಂಕ್ ಸ್ಟೇಟ್‌ಮೆಂಟ್. ಸ್ಪ್ಯಾಮ್ ಹೊರಡುವಷ್ಟರಲ್ಲಿ ಇವನ್ನೆಲ್ಲ ಯಾರೋ ನೋಡಿಯಾಗಿದೆ ಎಂದೇ ಲೆಕ್ಕ ಹಿಡಿಯಬೇಕು. ಹಾಗಾಗಿ ಅದೇ ಮೇಲ್ ಐಡಿ ಕೊಟ್ಟಿರುವ ಬ್ಯಾಂಕ್, ಡಿಮ್ಯಾಟ್, ಆದಾಯ ತೆರಿಗೆ ಖಾತೆಗಳನ್ನೂ ಒಮ್ಮೆ ತೆರೆದು ನೋಡದೆ ಗತ್ಯಂತರವಿಲ್ಲ. ಕಾಫಿಯೋ ಮೆಣಸೋ ರೇಷ್ಮೆಯೋ ಹೊರದೇಶಕ್ಕೆ ಮಾರುವ ಸಣ್ಣ ವ್ಯಾಪಾರಿಗಾದರೆ ಸ್ಪ್ಯಾಮ್ ಬರುವುದೇ ಒಂದು ಭಾಗ್ಯ. ಸದ್ದು ಮಾಡದ ಕಳ್ಳ ಬಿಲ್ಲಿನ ಮೇಲ್ ಹೊರಡುವ ಹೊತ್ತಿಗಾಗಿ ಕಾದು ಕೂತು, 'ನಮ್ಮ ಬ್ಯಾಂಕ್ ಖಾತೆ ಬದಲಾಗಿದೆ' ಎಂದು ಗಿರಾಕಿಗೆ ಒಂದೇ ಒಂದು ಪತ್ರ ಬರೆಯುತ್ತಾನೆ.

'ಡಿಲೀಟ್ ಮಾಡಿ' ಎಂಬ ಸಲಹೆಗಾರರಿಗೆ 2013ರ ಯಾಹೂ ನೆನಪಿಸಬೇಕು. ಬಳಕೆಯಾಗದ ಐಡಿಗಳನ್ನು ಹೊಸಬರಿಗೆ ಹಂಚುತ್ತೇವೆ ಎಂದು ಆ ವರ್ಷ ಕಂಪನಿ ಸಾರಿತು, ಹಂಚಿಯೂ ಹಂಚಿತು. ಪಡೆದ ಹೊಸಬರಲ್ಲಿ ಕೆಲವರಿಗೆ ಹಳಬರ ಖಾಸಗಿ ಮೇಲ್‌ಗಳು ಬರತೊಡಗಿದವು. ಜಿಮೇಲ್ ಅಳಿಸಿದ ವಿಳಾಸವನ್ನು ಇನ್ನೊಬ್ಬರಿಗೆ ಕೊಡುವುದಿಲ್ಲ, ನಿಜ. ಆದರೆ ಹತ್ತಾರು ಕಡೆ ಕೊಟ್ಟಿರುವ ವಿಳಾಸ ಸತ್ತರೆ ಅಲ್ಲೆಲ್ಲ ಪಾಸ್‌ವರ್ಡ್ ಮರೆತಾಗ ನಿಮಗೆ ಬಾಗಿಲಿರುವುದಿಲ್ಲ. ಡಿಲೀಟೂ ಮಾಡದೆ ಸುಮ್ಮನೆ ಬಿಟ್ಟು ಹೊಸ ಐಡಿಗೆ ಹೋಗುವವರು ಇನ್ನೂ ಹೆಚ್ಚು. ಅವರು ಮನೆಯನ್ನೇ ಬರೆದುಕೊಟ್ಟು ಹೋದಂತಾಯಿತು.

ಇಷ್ಟೆಲ್ಲ ಜನಸಾಮಾನ್ಯರಿಗೆ ಹೇಳಲಾಗುತ್ತದೆಯೇ, ಒಂದೇ ಮಾತಿನಲ್ಲಿ ಹೇಳಬೇಕು, ಅದಕ್ಕೇ ಪಾಸ್‌ವರ್ಡ್ ಎನ್ನುತ್ತೇವೆ ಎಂದು ಪೊಲೀಸ್ ಇಲಾಖೆಗೆ ತರಬೇತಿ ಕೊಡುವ ಗೆಳೆಯರೊಬ್ಬರು ವಾದಿಸಿದರು. ಒಂದೇ ಮಾತು ಹೇಳಬೇಕೆಂದರೆ ನಾನಾದರೆ ಎರಡು ಹಂತದ ಲಾಗಿನ್ ಹೇಳುತ್ತೇನೆ. ಗೂಗಲ್ 2019ರಲ್ಲಿ ಪ್ರಕಟಿಸಿದ ಲೆಕ್ಕದಂತೆ, ಫೋನಿಗೆ ಬರುವ ಎಸ್‌ಎಂಎಸ್ ಕೋಡ್ ಒಂದೇ ಯಾಂತ್ರಿಕ ದಾಳಿಗಳಲ್ಲಿ ಶೇ. 100, ಸಗಟು ಫಿಶಿಂಗ್‌ನಲ್ಲಿ ಶೇ. 96, ಗುರಿಯಿಟ್ಟ ದಾಳಿಗಳಲ್ಲಿ ಶೇ. 76ರಷ್ಟನ್ನು ತಡೆದಿತ್ತು. ಪೂರ್ಣ ರಕ್ಷೆಯಲ್ಲ, ಗೂಗಲ್ ಡಾಕ್ಸ್ ಪ್ರಕರಣದಂಥದ್ದಕ್ಕೆ ಉಪಯೋಗಕ್ಕೂ ಬಾರದು. ಆದರೂ ಪಾಸ್‌ವರ್ಡಿನ ಉಪದೇಶಕ್ಕಿಂತ ಎಷ್ಟೋ ವಾಸಿ. ಎರಡನೇ ಮಾತಿಗೆ ಅವಕಾಶವಿದ್ದರೆ ಕಂಪ್ಯೂಟರಿನಲ್ಲಿ ಸೆಟ್ಟಿಂಗ್ಸ್ ತೆರೆಸುತ್ತೇನೆ. ಇನ್ನೊಂದು: ಪಾಸ್‌ವರ್ಡ್ ಬದಲಿಸುವುದಾದರೂ ಅನುಮಾನವಿರುವ ಯಂತ್ರದಲ್ಲಿ ಕೂತು ಬದಲಿಸಬಾರದು. ಕ್ರ್ಯಾಕ್ ಮಾಡಿದ ಸಾಫ್ಟ್‌ವೇರಿನ ಜೊತೆ ಬಂದ ಗೂಢಚಾರ ಒಳಗಿದ್ದರೆ ಹೊಸ ಪಾಸ್‌ವರ್ಡೂ ಅವನ ಕೈಗೇ.

ಪೊಲೀಸರಿಗೆ ಹೇಳಿ ಏನು ಪ್ರಯೋಜನ ಎನ್ನುವುದೂ ಚಾಲ್ತಿಯಲ್ಲಿರುವ ಮಾತೇ. ಐಟಿ ಕಾಯ್ದೆಯ 66ಸಿ ಇನ್ನೊಬ್ಬರ ಪಾಸ್‌ವರ್ಡ್, ಗುರುತು ಕದ್ದು ಬಳಸುವುದಕ್ಕೆ, 66ಡಿ ಇನ್ನೊಬ್ಬರಂತೆ ನಟಿಸಿ ಮೋಸ ಮಾಡುವುದಕ್ಕೆ ಮೂರು ವರ್ಷದವರೆಗೆ ಶಿಕ್ಷೆ ವಿಧಿಸುತ್ತವೆ. ಕಳ್ಳ ಸಿಗುತ್ತಾನೆಂಬ ಭರವಸೆಯಿಂದ ದೂರು ಕೊಡಬೇಕೆಂದು ನಾನೂ ಹೇಳುವುದಿಲ್ಲ. ನಿಮ್ಮ ಹೆಸರಿನಲ್ಲಿ ಯಾರೋ ಹಣ ಕಳೆದುಕೊಂಡು ನಾಳೆ ನಿಮ್ಮ ಮೇಲೆಯೇ ದೂರು ಕೊಟ್ಟಾಗ, ಇಂಥ ತಾರೀಖಿನಂದು ನಾನೇ ತಿಳಿಸಿದ್ದೆ ಎಂದು ತೋರಿಸಲು ಒಂದು ಸ್ವೀಕೃತಿ ಬೇಕು. ಹಣ ಹೋಗಿದ್ದರೆ ಕಳೆದುಕೊಂಡವರು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಎಷ್ಟು ಬೇಗ ಫೋನ್ ಮಾಡಿದರೆ ಅಷ್ಟು ಒಳ್ಳೆಯದು; ಬ್ಯಾಂಕಿನಿಂದ ಬ್ಯಾಂಕಿಗೆ ದಾಟುವ ಮುನ್ನ ತಡೆಯುವ ಅವಕಾಶ ಅಲ್ಲಿದೆ.

ಖಾತೆದಾರರಿಗೆ ಬುದ್ಧಿ ಹೇಳುವ ಸರ್ಕಾರ ತನ್ನ ಮೇಜನ್ನೂ ಒಮ್ಮೆ ನೋಡಿಕೊಳ್ಳಬಹುದು. ಸರ್ಕಾರಿ ವ್ಯವಹಾರಕ್ಕೆ ಖಾಸಗಿ ಮೇಲ್ ಬಳಸಕೂಡದು ಎಂದು ಕೇಂದ್ರ ಸರ್ಕಾರ 2014ರ ಇ-ಮೇಲ್ ನೀತಿಯಲ್ಲಿ ಬರೆದುಕೊಂಡಿತು. ನಮ್ಮ ರಾಜ್ಯದ ಎಷ್ಟೋ ಗ್ರಾಮ ಪಂಚಾಯಿತಿ, ಶಾಲೆ, ಇಲಾಖಾ ಕಚೇರಿಗಳ ಫಲಕದಲ್ಲಿ, ಲೆಟರ್‌ಹೆಡ್ಡಿನಲ್ಲಿ ಇಂದಿಗೂ ಇರುವುದು ಜಿಮೇಲ್ ವಿಳಾಸ. ಅದನ್ನು ತೆರೆದವರು ಮೂರು ವರ್ಗಾವಣೆಯ ಹಿಂದಿನ ಅಧಿಕಾರಿ. ರಿಕವರಿ ನಂಬರ್ ಅವರ ಸ್ವಂತದ್ದು. ಪಾಸ್‌ವರ್ಡ್ ಗೊತ್ತಿರುವುದು ಹೊರಗುತ್ತಿಗೆಯ ಡಾಟಾ ಎಂಟ್ರಿ ಆಪರೇಟರಿಗೆ, ಅವರು ರಜೆಯಲ್ಲಿದ್ದರೆ ಎದುರಿನ ಜೆರಾಕ್ಸ್ ಅಂಗಡಿಯವರಿಗೆ. ಆ ಖಾತೆಯಿಂದ ಜಿಲ್ಲೆಯ ಎಲ್ಲ ಕಚೇರಿಗಳಿಗೂ ಸ್ಪ್ಯಾಮ್ ಹೋದ ದಿನ 'ಪಾಸ್‌ವರ್ಡ್ ಚೇಂಜ್ ಮಾಡಿ' ಎಂದು ಮೇಲಿನಿಂದ ಸುತ್ತೋಲೆ ಬಂದರೆ, ಮೊದಲು ಆ ಹಳೆಯ ಅಧಿಕಾರಿ ಈಗ ಯಾವ ಜಿಲ್ಲೆಯಲ್ಲಿದ್ದಾರೆ, ಆ ಸಿಮ್ ಇನ್ನೂ ಅವರ ಬಳಿ ಇದೆಯೇ ಎಂದು ಹುಡುಕಬೇಕಾಗುತ್ತದೆ.